ನಿಗ್ರಹಸ್ಥಾನ ವಿಚಾರ: ದಾಬಸ್‌ಪೇಟೆಯ ಒಂದು ಪ್ರಶ್ನೆಯನ್ನು ಕುರಿತು

ವಾದದಲ್ಲಿ ಸೋಲು ಒದಗುವ ಎಡೆಗಳಿಗೆ ನಿಗ್ರಹಸ್ಥಾನಗಳೆಂದು ಹೆಸರಿಟ್ಟು, ಅವು 22 ಎಂದು ಎಣಿಸಿದ ಗೌತಮ ಮಹರ್ಷಿಗಳು, ತಮ್ಮ ನ್ಯಾಯಸೂತ್ರಗಳು ಮುಂದೊಂದು ಕಾಲಕ್ಕೆ ನೆಲಮಂಗಲಕ್ಕೂ ತುಮಕೂರಿಗೂ ನಡುವಣ ಹೆದ್ದಾರಿಯ ಮಗ್ಗುಲಲ್ಲಿ, ಆಂಗ್ಲ ಅಧಿಕಾರಿಯೊಬ್ಬನ ಹೆಸರನ್ನು ಹೊತ್ತ ಪೇಟೆಯೊಂದರ ಕಾಫಿ ಹೋಟೆಲಿನ ಎದುರಿನಲ್ಲಿ, ಸರ್ಕಾರಿ ಚಿಕಿತ್ಸೆಯ ವೆಚ್ಚವನ್ನು ಕುರಿತ ಸಂವಾದಕ್ಕೆ ಪ್ರಮಾಣಗ್ರಂಥವಾದಾವೆಂದು ಕನಸಿನಲ್ಲಿಯೂ ಎಣಿಸಿರಲಾರರು. ಆದರೂ, ದಾಬಸ್‌ಪೇಟೆಗೆ ಮತಯಾಚನೆಗಾಗಿ ದಯಮಾಡಿಸುವ ಮಹನೀಯರ ಉತ್ತರಗಳನ್ನು ಶ್ರದ್ಧೆಯಿಂದ ಆಲಿಸಿದ ಯಾವ ಶಾಸ್ತ್ರವಿದ್ಯಾರ್ಥಿಗಾದರೂ ಒಂದು ಸಂಗತಿ ಹೊಳೆಯದಿರದು: ಮಹರ್ಷಿಗಳು ಯಾವುದನ್ನು ಪರಾಜಯವೆಂದರೋ ಅದನ್ನೇ ನಮ್ಮ ಪ್ರತಿನಿಧಿಗಳು ವಿಜಯಸಾಧನವನ್ನಾಗಿ ಮಾಡಿಕೊಂಡಿದ್ದಾರೆ.

ಪ್ರಶ್ನೆ ಇಷ್ಟೆ. ಸೆರಗಿನ ಗಂಟಿನಲ್ಲಿ ಬಿಪಿಎಲ್ ಕಾರ್ಡನ್ನು ಕಟ್ಟಿಕೊಂಡ ವೃದ್ಧೆಯೊಬ್ಬಳು ಹಾರ ಹಾಕಿಸಿಕೊಳ್ಳುತ್ತಿದ್ದ ಅಭ್ಯರ್ಥಿಯನ್ನು ತಡೆದು, “ಅಲ್ಲಾ ಸ್ವಾಮಿ, ಐದು ಲಕ್ಷ ಅಂತೀರಲ್ಲ, ಬೆಂಗ್ಳೂರಿಗೆ ಹೋಗಾಕೆ ಗಾಡಿ ಬಾಡಿಗೆ, ಹೊರಗಡೆ ಬರ್ಕೊಡೋ ಮಾತ್ರೆ ದುಡ್ಡು, ಅದನ್ನ ಯಾರು ಕೊಡ್ತಾರೆ?” ಎಂದು ಕೇಳುತ್ತಾಳೆ. ಇದರ ಅರ್ಥವ್ಯಾಪ್ತಿಯನ್ನು ತಿಳಿಯಬೇಕಾದರೆ ಸ್ವಲ್ಪ ಪೂರ್ವೇತಿಹಾಸ ಬೇಕು. 2018ರ ಮಾರ್ಚಿನಲ್ಲಿ ಆರಂಭವಾದ ‘ಆರೋಗ್ಯ ಕರ್ನಾಟಕ’ವು ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ‘ಆಯುಷ್ಮಾನ್ ಭಾರತ’ದೊಡನೆ ವಿವಾಹವಾಗಿ ಜೋಡಿಹೆಸರನ್ನು ಪಡೆಯಿತು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ. ಮೇಲಿನವರಿಗೆ ನಿಗದಿತ ದರದಲ್ಲಿ ಶೇಕಡ 30ರಷ್ಟು, 1.5 ಲಕ್ಷ ಮೀರದಂತೆ. ತುರ್ತುಸ್ಥಿತಿಯ ಹೊರತು ಖಾಸಗಿ ಆಸ್ಪತ್ರೆಯ ಮೆಟ್ಟಿಲೇರಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಯೋಜನೆಯ ಕಣ್ಣು ನೆಟ್ಟಿರುವುದು ಮುಖ್ಯವಾಗಿ ಹಾಸಿಗೆ ಹಿಡಿದ ಒಳರೋಗಿಯ ಮೇಲೆ. ಮನೆಯಲ್ಲಿ ಕುಳಿತು ದಿನವೂ ನುಂಗುವ ಬಿಪಿ ಮಾತ್ರೆ ಆ ಲಕ್ಷಗಳ ಲೆಕ್ಕಕ್ಕೆ ಬರುವುದಿಲ್ಲ. ಸಮೀಪದ ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿದರೆ ಪುಣ್ಯವಂತರಿಗೆ ಮಾತ್ರ ನೀರು ಎಟುಕುವುದೆಂದು ಈ ಸೀಮೆಯ ನಂಬಿಕೆ. ಯೋಜನೆಯ ಹಣವೂ ಹಾಗೆಯೇ, ಒಳಗೆ ಉಂಟೆಂಬುದರಲ್ಲಿ ಸಂಶಯವಿಲ್ಲ.

ಇನ್ನು ಉತ್ತರಪಕ್ಷ. ಅಭ್ಯರ್ಥಿಗಳು ಮೊದಲು ಸೋಂಪುರದ ಕೈಗಾರಿಕಾ ಪ್ರದೇಶವನ್ನೂ ಹೆದ್ದಾರಿಯನ್ನೂ ವರ್ಣಿಸುತ್ತಾರೆ; ಪ್ರಕೃತಕ್ಕೆ ಸಂಬಂಧವಿಲ್ಲದುದನ್ನು ಹೇಳುವ ಇದು ಅರ್ಥಾಂತರ. ಇದು ಆರಂಭಿಕರ ವಿದ್ಯೆಯಾದ್ದರಿಂದ ಇಲ್ಲಿ ನಿಲ್ಲಬೇಕಾಗಿಲ್ಲ. ನಿಜವಾದ ಪಾಂಡಿತ್ಯ ಕಾಣುವುದು ಮತಾನುಜ್ಞೆಯಲ್ಲಿ. ಎಂದರೆ ತನ್ನ ಪಕ್ಷದ ದೋಷವನ್ನು ಅಲ್ಲಗಳೆಯದೆ, ‘ನಿಮ್ಮ ಕಾಲದಲ್ಲಿಯೂ ಹೀಗೇ ಇತ್ತಲ್ಲ’ ಎಂದು ಎದುರಾಳಿಯ ಕೊರಳಿಗೆ ಅದನ್ನು ತೊಡಿಸುವುದರಲ್ಲಿ. ‘ಯಶಸ್ವಿನಿ’ ಆರೋಗ್ಯ ಯೋಜನೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ಸಹಕಾರಿ ರೈತರಿಗಾಗಿ 2003ರಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆಯೊಡನೆ ನಡೆಯತೊಡಗಿದ ಆ ಯೋಜನೆ 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಎದ್ದಿತು. ಆರಂಭಿಸಿದ ಕೀರ್ತಿಗೆ ಹಕ್ಕುದಾರರು ಅನೇಕರು, ಎಬ್ಬಿಸಿದ ಕೀರ್ತಿಗೂ ಅನೇಕರು. ನಿಲ್ಲಿಸಿದವರು ಮಾತ್ರ, ಎಲ್ಲ ಪಕ್ಷದವರ ಸಾಕ್ಷ್ಯದ ಮೇರೆಗೆ, ಬೇರೆ ಯಾರೋ.

ಪ್ರತಿಜ್ಞಾಂತರವೆಂಬುದು ಇನ್ನೂ ಸೂಕ್ಷ್ಮ. ಸಾಧಿಸಹೊರಟ ಮಾತನ್ನು ಆಕ್ಷೇಪ ಬಂದೊಡನೆ ತಿದ್ದಿಕೊಂಡು, ತಿದ್ದಿದುದನ್ನೇ ಮೊದಲಿನದೆಂಬಂತೆ ಸಾಧಿಸುವುದು ಇದರ ಲಕ್ಷಣ. ಉದಾಹರಣೆಗೆ, 2017ರಲ್ಲಿ ರಾಜ್ಯದ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು ಖಾಸಗಿ ಆಸ್ಪತ್ರೆಗಳ ದರವನ್ನು ಕಟ್ಟುಮಾಡುವ, ತಪ್ಪಿದವರಿಗೆ ಸೆರೆವಾಸವನ್ನೂ ವಿಧಿಸುವ ತಿದ್ದುಪಡಿ ಮಸೂದೆಯನ್ನು ತಂದರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಬೆಳಗಾವಿಯ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಯಿತು. ಹಲ್ಲುಗಳನ್ನು ಮಾತ್ರ ಮೊದಲೇ ಕಿತ್ತಿದ್ದರು. ಸಚಿವರು ಯತ್ನಿಸಿದರೆಂಬುದನ್ನು ನಾನು ಗೌರವದಿಂದಲೇ ಬರೆಯುತ್ತೇನೆ. ಯತ್ನಿಸದವರ ಪಟ್ಟಿ ಇದಕ್ಕಿಂತ ಉದ್ದವಾದುದು.

ಆರೋಗ್ಯದ ವಿಷಯದಲ್ಲಿ ನಮ್ಮ ಪಕ್ಷಗಳಿಗೆ ಒಮ್ಮತವೇ ಇಲ್ಲವೆಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಅದು ಸರಿಯಲ್ಲ. 2020ರ ಆಗಸ್ಟಿನಲ್ಲಿ ಕೋವಿಡ್ ತಗುಲಿದಾಗ ಮುಖ್ಯಮಂತ್ರಿ ಯಡಿಯೂರಪ್ಪನವರೂ ವಿರೋಧಪಕ್ಷದ ನಾಯಕ ಸಿದ್ದರಾಮಯ್ಯನವರೂ ಬೆಂಗಳೂರಿನ ಒಂದೇ ಖಾಸಗಿ ಆಸ್ಪತ್ರೆಗೆ ದಾಖಲಾದರು. ಸದನದಲ್ಲಿ ಸಾಧ್ಯವಾಗದ ಐಕಮತ್ಯವು ವಾರ್ಡಿನಲ್ಲಿ ಸಾಧಿತವಾಯಿತು.

ಚಿಕಿತ್ಸೆಗೆ ತೆರಲಾರದವನೆಂಬ ಕಾರಣದಿಂದ ಯಾರಿಗೂ ವೈದ್ಯೋಪಚಾರ ತಪ್ಪಕೂಡದೆಂದು 1946ರಲ್ಲಿಯೇ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಬರೆದಿಟ್ಟಿತು. ವೃದ್ಧೆಯ ಪ್ರಶ್ನೆ ಅದಕ್ಕಿಂತ ಬೇರೆಯಲ್ಲ. ಆದರೆ ಅಷ್ಟರಲ್ಲಿ ವಿಕ್ಷೇಪದ ಗಳಿಗೆ ಬಂದಿರುತ್ತದೆ. ಬೇರೆ ಕಾರ್ಯದ ನೆಪ ಹೇಳಿ ವಾದವನ್ನು ಮುರಿಯುವುದಕ್ಕೆ ಮಹರ್ಷಿಗಳಿಟ್ಟ ಹೆಸರು ಇದು. ಪಿಎ ಎಂಬ ಉಪಾಧ್ಯಾಯರು ಮೊದಲಿನಿಂದಲೂ ಕಾರಿನ ಬಾಗಿಲನ್ನು ತೆರೆದು ಹಿಡಿದಿರುತ್ತಾರೆ. ಅಭ್ಯರ್ಥಿಗಳು ಕೈಗಡಿಯಾರವನ್ನು ನೋಡಿ, “ಆಗಲಿ ತಾಯಿ, ಮಾಡಿಸೋಣ, ಮುಂದಿನ ಊರಲ್ಲಿ ಕಾಯ್ತಾ ಇದಾರೆ” ಎನ್ನುತ್ತಾರೆ. ಮನವಿಪತ್ರ ಡ್ಯಾಶ್‌ಬೋರ್ಡಿನ ಮೇಲೆ, ಬಾಡಿದ ಹಾರಗಳ ಅಡಿಯಲ್ಲಿ ಸೇರುತ್ತದೆ. ಮುಂದೆ ಅದು ಸದನವನ್ನು ಮುಟ್ಟಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವಾಗುತ್ತದೆ. ಪುನಃ ಕೇಳಿದರೆ ‘ಉದ್ಭವಿಸುವುದಿಲ್ಲ’ ಎಂದಾಗುತ್ತದೆ.

ಆದಕಾರಣ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಬಾಯಿಮಾತಿನ ವಾದವನ್ನು ಬಿಡಿ. ನಿಮ್ಮ ತಾಲ್ಲೂಕಿನಿಂದ ಕಳೆದ ವರ್ಷ ಎಷ್ಟು ಮಂದಿಗೆ ರೆಫರಲ್ ಚೀಟಿ ಕೊಟ್ಟರು, ಅವರ ಚಿಕಿತ್ಸೆಗೆ ಯೋಜನೆಯಿಂದ ಎಷ್ಟು ಹಣ ಸಂದಾಯವಾಯಿತು ಎಂಬೆರಡನ್ನೇ ಬರೆದು 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಬಿಪಿಎಲ್ ಕಾರ್ಡು ಇದ್ದವರು ಆ ಹತ್ತು ರೂಪಾಯಿಯನ್ನೂ ಕೊಡಬೇಕಾಗಿಲ್ಲ.