ಆನ್‌ಲೈನ್ ಆಪ್ತಸಮಾಲೋಚನೆಯಲ್ಲಿ ಚಿಲಕದ ಪಾತ್ರ: ಒಂದು ಮಹಾಪ್ರಬಂಧದ ಸಾರಾಂಶ

ಆಫೀಸಿನ ಒತ್ತಡ, ಗಂಡ-ಹೆಂಡಿರ ಮುನಿಸು, ಹೋದ ಕೆಲಸ, ಬಂದ ನಿವೃತ್ತಿ, ಎಲ್ಲಕ್ಕೂ ಈಗ ಮೊಬೈಲಿನಲ್ಲೇ ಆಪ್ತಸಮಾಲೋಚನೆ ಸಿಗುತ್ತದೆ. ಈ ವಿಷಯವನ್ನು ಕುರಿತು ಬರೆದ ಪಂಡಿತರೆಲ್ಲ ಸಮಾಲೋಚಕರ ಪದವಿ, ಗಂಟೆಯ ಶುಲ್ಕ, ಇಂಟರ್ನೆಟ್ಟಿನ ವೇಗ ಎಂದು ಪುಟ ತುಂಬಿಸಿದ್ದಾರೆ. ಚಿಲಕವನ್ನು ಒಬ್ಬರೂ ಮುಟ್ಟಿಲ್ಲ. ಆ ಲೋಪವನ್ನು ಸರಿಪಡಿಸುವುದು ಪ್ರಸ್ತುತ ಸಂಶೋಧಕನ ಪಾಲಿಗೆ ಬಂದಿದೆ. ಪ್ರಮೇಯ ಇಷ್ಟು: ಆನ್‌ಲೈನ್ ಥೆರಪಿಗೆ ಮೊದಲು ಬೇಕಾದದ್ದು ಒಳಗಿನಿಂದ ಹಾಕಿಕೊಳ್ಳಬಹುದಾದ, ಹಾಕಿದರೂ ಯಾರೂ ಏಕೆಂದು ಕೇಳದ ಒಂದು ಚಿಲಕ. ಮಿಕ್ಕದ್ದೆಲ್ಲ ಅನುಬಂಧ.

ಪೂರ್ವಪಕ್ಷಿಯು ಹೇಳುತ್ತಾನೆ: ದೂರದಿಂದಲೇ ಮನಸ್ಸಿಗೆ ಮದ್ದು ಕೊಡುವುದು ಕೊರೋನಾ ಕಾಲದ ಪದ್ಧತಿ, ಅದಕ್ಕೆ ಇತಿಹಾಸವಿಲ್ಲ. ಇದು ಶುದ್ಧ ಅಜ್ಞಾನ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ಪುಟ್ಟ ಹಾನ್ಸನ ಪ್ರಕರಣವನ್ನು ನೋಡಿ. ಐದು ವರ್ಷದ ಹುಡುಗ, ಕುದುರೆ ಕಂಡರೆ ನಡುಗುತ್ತಿದ್ದ. ಅವನು ಆಡಿದ ಮಾತನ್ನೆಲ್ಲ ಅಪ್ಪ ಬರೆದುಕೊಂಡು ಫ್ರಾಯ್ಡ್‌ಗೆ ತಲುಪಿಸುತ್ತಿದ್ದ. ಚಿಕಿತ್ಸೆಗೆಂದು ಫ್ರಾಯ್ಡ್ ಹುಡುಗನೊಡನೆ ಮಾತಾಡಿದ್ದು ಒಂದೇ ಸಲ. ಕೊನೆಗೆ ಹೊರಬಿದ್ದ ನಿರ್ಣಯವೇನೆಂದರೆ, ಕುದುರೆಯ ವೇಷದಲ್ಲಿ ಹುಡುಗನನ್ನು ಹೆದರಿಸುತ್ತಿದ್ದವನು ಅಪ್ಪನೇ! ತನ್ನ ಮೇಲಿನ ದೂರನ್ನು ತಾನೇ ದುಂಡಗೆ ಬರೆದು ಸಲ್ಲಿಸಿದ ಆ ಮಹಾನುಭಾವನ ತಾಳ್ಮೆಯನ್ನು ಮೆಚ್ಚಬೇಕು. ಆದರೆ ಶಾಸ್ತ್ರದ ದೃಷ್ಟಿಯಿಂದ ಇದು ಚಿಲಕವಿಲ್ಲದ ಚಿಕಿತ್ಸೆ.

ಎರಡನೆಯ ಪ್ರಮಾಣ ಇನ್ನೂ ಗಟ್ಟಿಯಾದದ್ದು. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ಬೇಜಾರು ಎಂದು ಟೈಪ್ ಮಾಡಿದರೆ, ಬೇಜಾರು ಏಕೆ ಎಂಬ ಧಾಟಿಯಲ್ಲಿ ನಮ್ಮ ಮಾತನ್ನೇ ತಿರುಗಿಸಿ ಕೇಳುವುದು ಅದರ ಕಸುಬು. (ನಮ್ಮ ದೊಡ್ಡಮ್ಮಂದಿರು ಸೀರಿಯಲ್‌ನಿಂದ ಕಣ್ಣು ಕೀಳದೆಯೇ ಇದನ್ನು ಮಾಡಬಲ್ಲರು.) ಅದು ಬರೀ ಯಂತ್ರವೆಂದು ಬಲ್ಲ ವೈಜೆನ್‌ಬಾಮರ ಕಾರ್ಯದರ್ಶಿಯೇ ಒಂದು ದಿನ ಅದರ ಮುಂದೆ ಕೂತು, ನಾಲ್ಕು ಮಾತಾಗುವಷ್ಟರಲ್ಲಿ, ಸ್ವಲ್ಪ ಹೊರಗೆ ಹೋಗುವಿರಾ ಎಂದು ಅವರನ್ನೇ ಕೇಳಿದರಂತೆ. ದಿಗಿಲುಬಿದ್ದ ಆ ವಿದ್ವಾಂಸರು ಯಂತ್ರಕ್ಕೆ ಮನುಷ್ಯರು ಮರುಳಾಗುವ ಬಗೆಯನ್ನು ಚಿಂತಿಸಿ 1976ರಲ್ಲಿ ಪುಸ್ತಕವನ್ನೇ ಬರೆದರು. ಬಾಗಿಲಿನ ಕುರಿತು ಮಾತ್ರ ಅವರೂ ಚಿಂತಿಸಲಿಲ್ಲ. ಆ ಹೆಣ್ಣುಮಗಳು ಕೇಳಿದ್ದು ಅದೊಂದನ್ನೇ.

ಕನ್ನಡಿಗರು ಈ ಸತ್ಯವನ್ನು ಮೊದಲೇ ಕಂಡುಕೊಂಡಿದ್ದರು. ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳ ಸಲಹೆ ಅಂಕಣಕ್ಕೆ ಕಾಗದ ಬರೆಯುತ್ತಿದ್ದವರು ಕೊನೆಯಲ್ಲಿ 'ಹೆಸರು, ಊರು ಬೇಡ' ಎಂದು ಸಹಿ ಹಾಕುತ್ತಿದ್ದರು. ಅದೇ ಚಿಲಕ. ಉತ್ತರ ಅಚ್ಚಾಗಿ ಬಂದಾಗ ಇಡೀ ಮನೆಯವರು ಓದಿ, ಪಾಪ ಯಾರೋ ಏನೋ ಎಂದು ಮರುಗುತ್ತಿದ್ದರು. ಬರೆದವಳು ಅಲ್ಲೇ ಅವರೆಕಾಯಿ ಸುಲಿಯುತ್ತ ತಾನೂ ಮರುಗುತ್ತಿದ್ದಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಕನ್ನಡದಲ್ಲಿ ಬರೆದ ಬರಹಗಳಿಂದ ಎಷ್ಟು ಮನೆಗಳಲ್ಲಿ ಹೀಗೆ ಸದ್ದಿಲ್ಲದೆ ಗುಣವಾಯಿತೋ ಲೆಕ್ಕ ಇಟ್ಟವರಿಲ್ಲ.

ಒತ್ತಡಕ್ಕೆ ಮಾತ್ರ ಲೆಕ್ಕ ಇಟ್ಟವರಿದ್ದಾರೆ. ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಮನೋವೈದ್ಯರು 1967ರಲ್ಲಿ ಬದುಕಿನ 43 ಬದಲಾವಣೆಗಳಿಗೆ ಅಂಕ ಹಾಕಿದರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50, ಮನೆ ಬದಲಾವಣೆಗೆ 20, ಕ್ರಿಸ್‌ಮಸ್ಸಿಗೆ 12. ಅತ್ತೆ-ಮಾವಂದಿರ ಕಡೆಯ ತಾಪತ್ರಯಕ್ಕೆ 29. ಮದುವೆಯನ್ನೂ ಈ ತಾಪತ್ರಯವನ್ನೂ ಅವರು ಎರಡು ಬೇರೆ ಘಟನೆಗಳೆಂದು ಎಣಿಸಿರುವುದು ದೊಡ್ಡ ಪ್ರಮಾದ. ನಮ್ಮಲ್ಲಿ ಎರಡಕ್ಕೂ ಒಂದೇ ಮುಹೂರ್ತ.

ಇನ್ನು ಕ್ಷೇತ್ರಕಾರ್ಯ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟೊಂದನ್ನು ಊಹಿಸಿಕೊಳ್ಳಿ. ಒಂದು ರೂಮಿನಲ್ಲಿ ಮಾವ, ಇನ್ನೊಂದರಲ್ಲಿ ವರ್ಕ್ ಫ್ರಮ್ ಹೋಮ್ ಗಂಡ, ಹಾಲಿನಲ್ಲಿ ಟೀವಿ, ಮಗು ಮತ್ತು ಅತ್ತೆ. ಸೊಸೆಗೆ ಸಂಜೆ ಏಳಕ್ಕೆ ಸೆಷನ್. ವಿಷಯ: ಅತ್ತೆ. ಗಂಡನನ್ನು ಎಬ್ಬಿಸಿ, ರೂಮು ಹಿಡಿದು, ಬಾಗಿಲು ಹಾಕಿಕೊಂಡದ್ದೇನೋ ಆಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಬಿದ್ದ ಚಿಲಕದ ಸದ್ದು ಮಿಕ್ಸಿ ತಿರುಗುತ್ತಿದ್ದರೂ ಹಾಲಿಗೆ ಕೇಳುತ್ತದೆ. ಹೊರಗೆ ಬಂದ ಮೇಲೆ ನಡೆಯುವ ಸಂವಾದ ಇಂತಿದೆ:

'ಯಾರ ಹತ್ರಮ್ಮಾ ಅಷ್ಟೊತ್ತಿಂದ ಮಾತಾಡ್ತಿದ್ದೆ?'

'ಆಫೀಸ್ ಕಾಲ್, ಅತ್ತೆ.'

'ಆಫೀಸಿನವರ ಹತ್ರ ಕನ್ನಡದಲ್ಲಿ ಯಾಕಮ್ಮಾ ಅಳ್ತಿದ್ದೆ?'

ಈ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಉತ್ತರವಿಲ್ಲ. ಆದಕಾರಣ ಭಕ್ತಾದಿಗಳು ಹಲವು ಪಂಥಗಳಾಗಿ ಒಡೆದಿದ್ದಾರೆ. ಬಚ್ಚಲು ಪಂಥದವರು ನಲ್ಲಿ ಬಿಟ್ಟುಕೊಂಡು ಮಾತಾಡುತ್ತಾರೆ. ಇದರಿಂದ ಸಮಾಲೋಚಕರಿಗೆ ಜೋಗ ಜಲಪಾತವಷ್ಟೇ ಕೇಳಿಸುತ್ತದೆ, ಕಾವೇರಿ ನೀರೂ ದಂಡ. ತಾರಸಿ ಪಂಥದವರು ನೀರಿನ ಟ್ಯಾಂಕಿನ ಮರೆಯಲ್ಲಿ ಕೂರುತ್ತಾರೆ. ಒಣಗಿದ ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯಾಕೆ ಒಂದೊಂದೇ ಕ್ಲಿಪ್ ಬಿಚ್ಚಲು ಅರ್ಧ ಗಂಟೆ ತೆಗೆದುಕೊಳ್ಳುವುದು ಈ ಪಂಥದ ಮುಖ್ಯ ವಿಘ್ನ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಗಾಜು ಏರಿಸಿ ಕೂರುವವರೇ ಶ್ರೇಷ್ಠರು. ಅಲ್ಲಿ ಸಿಗ್ನಲ್ ಇಲ್ಲ ಎಂಬುದೊಂದೇ ಕೊರತೆ. ಕೂತಷ್ಟು ಹೊತ್ತೂ ವಾಚ್‌ಮನ್ ಬಂದು ಟಾರ್ಚ್ ಬಿಟ್ಟು, 'ಮೇಡಂ, ಗಾಡಿ ಸ್ಟಾರ್ಟ್ ಆಗ್ತಿಲ್ವಾ?' ಎಂದು ಕರುಣೆಯಿಂದ ವಿಚಾರಿಸುತ್ತಾನೆ.

ಇಲ್ಲಿ ಹಿಂದಿನ ಯಾವ ಪಂಡಿತನೂ ಗಮನಿಸದ ಒಂದು ಅಂಶವಿದೆ. ಅತ್ತೆಯೂ ಅದೇ ಚಿಲಕವನ್ನು ಹುಡುಕುತ್ತಿದ್ದಾರೆ. ತಿಪಟೂರಿನ ಸ್ವಂತ ಮನೆಗೆ ಬೀಗ ಹಾಕಿ, ತೆಂಗಿನ ತೋಟವನ್ನು ಯಾರ ಕೈಗೋ ಒಪ್ಪಿಸಿ ಏಳನೆಯ ಮಹಡಿಗೆ ಬಂದವರು ಅವರು. ಮನೆ ಬದಲಾವಣೆಗೆ ಹೋಮ್ಸ್ ಸಾಹೇಬರು ಕೊಟ್ಟ 20 ಅಂಕ ಅವರಿಗೆ ಯಾತಕ್ಕೂ ಸಾಲದು. ದಿನಾ ಸಂಜೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತ ತಂಗಿಗೆ ಫೋನು ಮಾಡುತ್ತಾರೆ. ವಿಷಯ: ಸೊಸೆ.

ಕಾನೂನು ಏನೆನ್ನುತ್ತದೆ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೌಪ್ಯತೆಯನ್ನು ಹಕ್ಕೆಂದು ಸಾರುತ್ತದೆ. ಚಿಕಿತ್ಸೆ ಕೊಡುವವರಿಗೆ ಅದು ಅನ್ವಯಿಸುತ್ತದೆ. ಹಾಲಿನಲ್ಲಿ ಕೂತವರಿಗೆ ಅನ್ವಯಿಸುವುದಿಲ್ಲ. ಚಿಲಕ ಹಾಕಿಕೊಂಡರೂ ಮೊಬೈಲೇ ಹಿತ್ತಿಲ ಬಾಗಿಲು ತೆರೆದೀತು. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಥೆರಪಿ ಕಂಪನಿ, ನೆರವು ಕೇಳಿ ಬಂದವರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ದಾಟಿಸಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2023ರಲ್ಲಿ 78 ಲಕ್ಷ ಡಾಲರ್ ಕಕ್ಕಿಸಿತು. ಬಟ್ಟೆ ತೆಗೆಯುವ ನೆರೆಯಾಕೆ ನಮ್ಮ ಸುದ್ದಿಯನ್ನು ಎಷ್ಟೇ ಹಂಚಿದರೂ ಲಿಫ್ಟ್ ಹೋಗುವಷ್ಟು ದೂರ ಮಾತ್ರ. ಆಪ್ ತೆರೆಯುವ ಮುನ್ನ ಆ ಉದ್ದನೆಯ ಷರತ್ತುಗಳನ್ನು ಓದಿ, ಸಮಾಲೋಚಕರ ಓದು ಏನೆಂದು ನಾಚದೆ ಕೇಳಿ. ಇದಿಷ್ಟು ತಮಾಷೆಯ ಮಾತಲ್ಲ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಶೇ. 10.6ರಷ್ಟು ವಯಸ್ಕರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇರುವುದು ಕಂಡುಬಂತು. ಸಮೀಕ್ಷೆಯಾದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಸ್ವಂತ ಮನೆಯವರ ಒಳಗುಟ್ಟು ಕೇಳಲು ಅಷ್ಟು ದೊಡ್ಡ ಸಂಸ್ಥೆಗೂ ಸಂಕೋಚವಾಯಿತೆಂದು ಪ್ರಸ್ತುತ ಸಂಶೋಧಕ ಭಾವಿಸುತ್ತಾನೆ.

ಅದೇ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲೂ ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಸೊಸೆಯೋ ಅತ್ತೆಯೋ ಮಗನೋ ಫೋನು ಹಿಡಿದು ರೂಮಿನ ಬಾಗಿಲು ಹಾಕಿಕೊಂಡರೆ, ಕಾಫಿ ಬೇಕಾ ಎಂದು ಕೇಳುವ ನೆಪದಲ್ಲಿ ಬಡಿಯಬೇಡಿ. ಟೀವಿಯ ಸದ್ದನ್ನು ಸ್ವಲ್ಪ ಜಾಸ್ತಿ ಮಾಡಿ.