ಮಾವನ ಎಂಜಿನ್ನಿಗೆ ಯಾವ ಹಸಿರು?

ನಮ್ಮ ಕಡೆ ಎಂಜಿನ್ನಿನ ಮೈಗೆ ಬಣ್ಣ ತಾಗುವುದು ಎರಡೇ ಸಂದರ್ಭದಲ್ಲಿ. ಒಂದು ಆಯುಧಪೂಜೆ, ಇನ್ನೊಂದು ಮಾರಾಟ. ಹೀಗಿರುವಾಗ ಹಬ್ಬವೂ ಇಲ್ಲದ, ಗಿರಾಕಿಯೂ ಇಲ್ಲದ ಮಾಘಮಾಸದಲ್ಲಿ ನಾನು ಬ್ರಷ್ಷು, ಉಪ್ಪುಕಾಗದ, ತಂತಿ ಬ್ರಷ್ಷುಗಳ ಚೀಲ ಹಿಡಿದು, ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದು ಮಾವನ ಮನೆಯ ಅಂಗಳದಲ್ಲಿ ಇಳಿದರೆ ಅತ್ತೆಯವರು ಏನೆಂದುಕೊಳ್ಳಬೇಕು? ಕಾಫಿ ಕೊಡುತ್ತಾ ಮೆಲ್ಲಗೆ, "ಆಫೀಸಿನಲ್ಲಿ ಎಲ್ಲ ಸರಿ ಇದೆಯಲ್ಲ?" ಎಂದು ಕೇಳಿದರು.

ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿತ್ತು. ಒಂದು ಕಾಲಕ್ಕೆ ಅಡಿಕೆ ತೋಟಕ್ಕೆ ನೀರೆತ್ತಿ, ಸುಗ್ಗಿಯಲ್ಲಿ ಆಲೆಮನೆಯ ಗಾಣ ತಿರುಗಿಸಿ, ಕರೆಂಟಿನ ಪಂಪ್‌ಸೆಟ್ ಬಂದ ಮೇಲೆ ನಿವೃತ್ತಿಯಾದ ಜೀವ. ಪಿಂಚಣಿಯ ಬದಲು ಅದಕ್ಕೆ ಸಿಕ್ಕಿದ್ದು ಕೋಳಿಗಳ ಸಹವಾಸ. ಎರಡು ದೊಡ್ಡ ಗಾಲಿ, ನಡುವೆ ನಿಂತ ಒಂದೇ ಸಿಲಿಂಡರು, ಬಲವಿದ್ದವರು ಮಾತ್ರ ಹೊಡೆಯಬಲ್ಲ ಹ್ಯಾಂಡಲ್ಲು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1929ರಲ್ಲಿ ಇಂಥ ಎಂಜಿನ್ನನ್ನು ಹೊರತಂದಿತು. ಐದು ಅಶ್ವಶಕ್ತಿಯದು ನಿಮಿಷಕ್ಕೆ 600 ಸುತ್ತು, ಆರರದು 650 ಸುತ್ತು, ಅಷ್ಟೇ. ಅವಸರವೆಂಬುದೇ ಇಲ್ಲದ ಯಂತ್ರ. ಆ ದೃಷ್ಟಿಯಲ್ಲಿ ಮಲೆನಾಡಿಗೇ ಹೇಳಿ ಮಾಡಿಸಿದ್ದು. ಮುಂದೆ ಅದೇ ಅಚ್ಚಿನ ಎಂಜಿನ್ನುಗಳನ್ನು ರಾಜ್‌ಕೋಟ್‌ನ ಕಾರ್ಖಾನೆಗಳು ಮಾಡಿ ಊರೂರಿಗೆ ಕಳಿಸಿದವು. ಮಾವನದು ಎಲ್ಲಿಯದು ಎಂದು ಹೇಳಬೇಕಾಗಿದ್ದ ಹಿತ್ತಾಳೆಯ ಫಲಕ ಯಾವಾಗಲೋ ಕಳಚಿ ಹೋಗಿ, ಅದರ ಮೊಳೆತೂತುಗಳು ಮಾತ್ರ ಉಳಿದಿದ್ದವು.

"ಮೊದಲು ಯಾವ ಬಣ್ಣ ಇತ್ತು ಮಾವ?"

"ಹಸಿರು."

"ಯಾವ ಹಸಿರು?"

"ಹಸಿರು ಅಂದ್ರೆ ಹಸಿರು ಅಳಿಯಂದಿರೇ, ಅದರಲ್ಲಿ ಎಂತದು ಯಾವುದು?"

ಒಳಗಿನಿಂದ ಅತ್ತೆಯವರು, "ನೀಲಿ ಅಲ್ಲವಾ?" ಎಂದರು. ಪಕ್ಕದ ತೋಟದವರು ಬೇಲಿಯಾಚೆಯಿಂದಲೇ ಬೂದುಬಣ್ಣಕ್ಕೆ ಮತ ಹಾಕಿದರು. ಫೋನಿನಲ್ಲಿ ಸಿಕ್ಕ ನನ್ನ ಹೆಂಡತಿ, ತಾನು ಹುಟ್ಟಿದಾಗಿನಿಂದ ಅದು ಬೆಳ್ಳಿಬಣ್ಣ, ಬೇಕಾದರೆ ಕೋರ್ಟಿನಲ್ಲೂ ಹೇಳುತ್ತೇನೆ ಎಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ವಿಷಯದಲ್ಲಿ ಎದುರಾಡಬಾರದೆಂಬ ವಿವೇಕ ನನಗಿದೆ.

ಹಳೆಯ ಎಂಜಿನ್ನಿನ ನಿಜವಾದ ಬಣ್ಣ ತಿಳಿಯಲು ಜನರನ್ನು ಕೇಳಬಾರದು, ಗ್ರೀಸನ್ನು ಕೇಳಬೇಕು. ಬಿಸಿಲು ತಾಗದ ಕಡೆ, ಅಂದರೆ ಹೆಸರಿನ ಫಲಕದ ಅಡಿ, ಡೀಸೆಲ್ ಟ್ಯಾಂಕಿನ ಪಟ್ಟಿಯ ಕೆಳಗೆ, ದಶಕಗಳ ಗ್ರೀಸು ಗಟ್ಟಿಯಾಗಿ ಕೂತ ಸಂದಿಗಳಲ್ಲಿ ಮೊದಲ ಬಣ್ಣ ಹಾಗೇ ಉಳಿದಿರುತ್ತದೆ. ಟ್ಯಾಂಕಿನ ಪಟ್ಟಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಬ್ಲೇಡಿನಿಂದ ಅಂಗೈಯಗಲ ಜಾಗವನ್ನು ಪದರ ಪದರವಾಗಿ ಕೆರೆದೆ. ಮೇಲೆ ಬೆಳ್ಳಿಬಣ್ಣ. ಅದರಡಿ ನೀಲಿ. ಅದರಡಿ ಬೂದು. ಎಲ್ಲಕ್ಕೂ ಕೆಳಗೆ, ರೆಡ್ ಆಕ್ಸೈಡಿನ ಮೇಲೆ, ಗಾಢವಾದ ಹಸಿರು. ನಾಲ್ವರು ಹೇಳಿದ್ದೂ ನಿಜವೇ! ಅವರವರು ಎಂಜಿನ್ನನ್ನು ಮೊದಲು ಕಣ್ತುಂಬ ನೋಡಿದ ಕಾಲ ಬೇರೆ, ಅಷ್ಟೇ.

ಆ ನೀಲಿ ಎಲ್ಲೋ ನೋಡಿದಂತಿದೆಯಲ್ಲ ಎಂದು ತಲೆಯೆತ್ತಿದರೆ, ಎದುರಿಗೇ ಮನೆಯ ಕಿಟಕಿ. ಕಿಟಕಿಗೆ ಬಳಿದು ಉಳಿದ ಬಣ್ಣ ಆ ವರ್ಷ ಆಯುಧಪೂಜೆಗೆ ಎಂಜಿನ್ನಿನ ಪಾಲಾಗಿತ್ತು. ಬೂದು ಹಳೆಯ ಪೆಟ್ಟಿಗೆಯದು, ಬೆಳ್ಳಿ ಗೇಟಿನದು. ಅಟ್ಟದಲ್ಲಿ ಹುಡುಕಿದರೆ ತುಕ್ಕು ತಿಂದ ಡಬ್ಬಿಯೊಂದರ ಮೇಲೆ ಏಷ್ಯನ್ ಪೇಂಟ್ಸ್‌ನ ತುಂಟ ಹುಡುಗ ಗಟ್ಟು ಬ್ರಷ್ಷು ಹಿಡಿದು ಇನ್ನೂ ನಗುತ್ತಿದ್ದ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಬರೆದ ಹುಡುಗ ಅವನು. ಬಣ್ಣದ ವಿಷಯದಲ್ಲಿ ಮೈಸೂರಿನದು ದೊಡ್ಡ ಕೈ ಬಿಡಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಯದೇ. ಬೆರಳಿಗೆ ಹಚ್ಚಿದ್ದು ವಾರಗಟ್ಟಲೆ ಹೋಗುವುದಿಲ್ಲ; ಎಂಜಿನ್ನಿಗೆ ಹಚ್ಚಿದ್ದು ಮಾತ್ರ ಡೀಸೆಲ್ ಸೋಕಿದರೆ ಸಾಕು, ಮೆತ್ತಗಾಗುತ್ತದೆ.

ಇರಲಿ, ಹಸಿರಿಗೆ ಬರೋಣ. ಲಿಸ್ಟರ್‌ನವರು ಬಳಿಯುತ್ತಿದ್ದದ್ದು ಬ್ರನ್ಸ್‌ವಿಕ್ ಹಸಿರು. ಹೆಸರು ಜರ್ಮನಿಯ ಒಂದು ಊರಿನದು. ಮೊದಲು ತಾಮ್ರದಿಂದ ಮಾಡುತ್ತಿದ್ದರು, ಆಮೇಲೆ ಪ್ರಷ್ಯನ್ ನೀಲಿಗೆ ಕ್ರೋಮ್ ಹಳದಿ ಬೆರೆಸಿ. ನಮ್ಮ ದೇಶದ ಬಣ್ಣಗಳ ಮಾನಕ ಐಎಸ್ 5ರಲ್ಲಿಯೂ ಇದು ತಿಳಿ, ಮಧ್ಯಮ, ಗಾಢ ಎಂದು ಮೂರು ಬಗೆಯಾಗಿದ್ದು, ಕ್ರಮವಾಗಿ 225, 226, 227 ಎಂಬ ಸಂಖ್ಯೆಗಳಿವೆ. ಇದನ್ನೆಲ್ಲ ಓದಿಕೊಂಡ ಪಂಡಿತನ ಗತ್ತಿನಲ್ಲಿ ನಾನು ಮೊದಲೇ ಶಿಕಾರಿಪುರದ ಅಂಗಡಿಯೊಂದರಲ್ಲಿ "226 ಕೊಡಿ" ಎಂದು ಕೇಳಿದ್ದೆ. ಅಂಗಡಿಯವರು, "ರೂಪಾಯಿಯಲ್ಲಾ, ಲೀಟರಲ್ಲಾ?" ಎಂದರು. ಗಿಳಿಹಸಿರು, ಎಲೆಹಸಿರು ಇಂಥವೇ ಇದ್ದವು. ಎಲೆಹಸಿರಿನ ಸಿಂಥೆಟಿಕ್ ಎನಾಮೆಲ್ ಒಂದು ಲೀಟರು, ಜತೆಗೆ ನೀಲಿ, ಕಪ್ಪು, ಹಳದಿಯ ಚಿಕ್ಕ ಡಬ್ಬಿಗಳನ್ನು ತಂದಿದ್ದೆ.

ಬೆರೆಸುವವರು ಯಾರು? ಸೊರಬ ಶ್ರೀಗಂಧ ಕೆತ್ತುವ ಗುಡಿಗಾರರ ಊರು ಎಂಬುದನ್ನು ಮರೆಯಬಾರದು. ಮಾವನ ಪರಿಚಯದ ಹಿರಿಯರೊಬ್ಬರು ಬಂದರು. ಕೆರೆದ ಜಾಗವನ್ನು ನೀರು ಹಚ್ಚಿ ನೋಡಿದರು, ನೆರಳಲ್ಲಿ ನೋಡಿದರು, ಬಾಗಿಲಾಚೆಯ ಬೆಳಕಲ್ಲಿ ನೋಡಿದರು. ಆಮೇಲೆ ಕಡ್ಡಿಯ ತುದಿಯಲ್ಲಿ ನೀಲಿ, ಸ್ವಲ್ಪ ಕಪ್ಪು, ಒಂದೇ ಹನಿ ಹಳದಿ. ತಗಡಿಗೆ ಹಚ್ಚಿ ಒಣಗುವವರೆಗೆ ಕಾದರು, ಏಕೆಂದರೆ ಎನಾಮೆಲ್ ಒಣಗಿದ ಮೇಲೆ ತುಸು ಕಪ್ಪಗಾಗುತ್ತದಂತೆ. ನನ್ನ ಸಂಖ್ಯಾಶಾಸ್ತ್ರವನ್ನು ಅವರು ಶಾಂತವಾಗಿ ಕೇಳಿಸಿಕೊಂಡು, "ಇದಕ್ಕೆ ಕಣ್ಣು ಬರೆಯುವುದೂ ಉಂಟಾ?" ಎಂದರು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಹಳೆಯ ಕ್ರೋಮ್ ಹಳದಿಯಲ್ಲಿ ಸೀಸವಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು ಮರುವರ್ಷ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ತಿಕ್ಕಿ ಧೂಳೆಬ್ಬಿಸಬಾರದು. ನೀರು ಹಾಕಿಕೊಂಡೇ ತಿಕ್ಕಬೇಕು. ಮಕ್ಕಳನ್ನು ದೂರ ಇಡಬೇಕು, ಕೋಳಿಗಳನ್ನೂ. ಕೋಳಿಗಳು ಮೂರು ತಲೆಮಾರಿನ ಅನುಭೋಗದ ಹಕ್ಕು ಮಂಡಿಸಿದವು.

ಮೊದಲ ಕೋಟು ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ಬಣ್ಣ ಗಟ್ಟಿಯಾಗಿದೆ ಎಂದು, ಬೈಕುಗಳಿಗೆ ಬಣ್ಣ ಹೊಡೆಯುವ ಗೆಳೆಯನಿಂದ ಭಾವಮೈದ ಒಂದು ಬಾಟಲಿ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ತಂದು ನಾನು ಊಟಕ್ಕೆ ಕೂತಾಗ ಬಣ್ಣಕ್ಕೆ ಸುರಿದು ಬಳಿದೇಬಿಟ್ಟಿದ್ದ. ಎನಾಮೆಲ್ಲಿಗೆ ಬೇಕಾದದ್ದು ಟರ್ಪೆಂಟೈನ್. ಅದು ಆರಿದ ಮೇಲೂ ಎನಾಮೆಲ್ಲಿನ ಎಣ್ಣೆ ಗಾಳಿಯ ಆಮ್ಲಜನಕ ಹೀರುತ್ತಾ ದಿನಗಟ್ಟಲೆ ಗಟ್ಟಿಯಾಗುತ್ತಿರುತ್ತದೆ. ಅರೆಬರೆ ಗಟ್ಟಿಯಾದ ಆ ಪದರಕ್ಕೆ ಎನ್‌ಸಿ ಥಿನ್ನರ್ ಬಿದ್ದರೆ ಕಥೆ ಮುಗಿಯಿತು. ನಾನು ಕೈತೊಳೆದು ಬರುವಷ್ಟರಲ್ಲಿ ಮಾವನ ಎಂಜಿನ್ನಿನ ಮೈಯೆಲ್ಲ ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತ್ತು. ಮಾವ ಬಂದು ನೋಡಿ, "ಈಗ ವಯಸ್ಸಿಗೆ ತಕ್ಕ ಹಾಗಿದೆ" ಎಂದರು.

ಮತ್ತೆ ಕೆರೆದದ್ದಾಯಿತು, ಮತ್ತೆ ಬಳಿದದ್ದಾಯಿತು, ಈ ಸಲ ಟರ್ಪೆಂಟೈನ್ ಬಾಟಲಿಯನ್ನು ನಾನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡೆ. ಸ್ಪ್ರೇ ಮಾಡಿಸಿ ಎಂದು ಹಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಪ್ರದರ್ಶನಗಳಲ್ಲಿ ಕಾಣುವ ಕೆಲವು ಎಂಜಿನ್ನುಗಳು ಕಾರ್ಖಾನೆಯಲ್ಲಿ ಹುಟ್ಟಿದ ದಿನವೂ ಅಷ್ಟು ಹೊಳೆದಿರಲಾರವು. ಬೀಡುಕಬ್ಬಿಣದ ತರಿತರಿಯನ್ನೆಲ್ಲ ಪುಟ್ಟಿಯಲ್ಲಿ ಮುಚ್ಚಿ ಮದುಮಗನನ್ನು ಮಾಡಿಬಿಟ್ಟಿರುತ್ತಾರೆ. ಬ್ರಷ್ಷಿನ ಗೆರೆ ಅಲ್ಲಲ್ಲಿ ಕಂಡರೆ ಏನು ನಷ್ಟ? ಸೈಲೆನ್ಸರಿಗೆ ಮಾತ್ರ ಶಾಖ ತಡೆಯುವ ಬೇರೆ ಬಣ್ಣವೇ ಆಗಬೇಕು, ಎನಾಮೆಲ್ ಅಲ್ಲಿ ಸುಟ್ಟು ನಾರುತ್ತದೆ. ಬೆಲ್ಟು ಕೂರುವ ಜಾಗ, ಎಣ್ಣೆ ಬಿಡುವ ತೂತು, ಗವರ್ನರಿನ ಕೀಲು, ಇವುಗಳ ಮೇಲೆ ಬಣ್ಣ ಕೂಡದು. ಉತ್ಸಾಹದಲ್ಲಿ ಕೀಲುಗಳಿಗೂ ಬಳಿದು, ಅವು ಅಂಟಿಕೊಂಡರೆ ಎಂಜಿನ್ನು ಚಂದದ ವಿಗ್ರಹವಾಗುತ್ತದೆ, ಅಷ್ಟೇ.

ಹಸಿರೆಂದು ತೀರ್ಮಾನಿಸಿದೆನಾದರೂ ನನಗೊಂದು ಕೊರಗು ಉಳಿಯಿತು. ಲಿಸ್ಟರ್‌ನವರ ಹಸಿರು ಮೊದಲನೆಯದು, ಸರಿ. ಆದರೆ ಆಲೆಮನೆಯಲ್ಲಿ ದುಡಿದ ವರ್ಷಗಳಲ್ಲಿ ಅದು ಕಿಟಕಿಯ ನೀಲಿಯನ್ನು ಉಟ್ಟಿತ್ತಲ್ಲ? ಡರ್ಸ್ಲಿಯ ಮರ್ಯಾದೆ ಕಾಯಲು ಹೋಗಿ ಸೊರಬದ್ದನ್ನು ಅಳಿಸುವುದು ಯಾವ ನ್ಯಾಯ? ಕಡೆಗೆ ಟ್ಯಾಂಕಿನ ಪಟ್ಟಿಯಡಿ ಕೆರೆದ ಆ ಅಂಗೈಯಗಲ ಜಾಗಕ್ಕೆ ಬಣ್ಣ ಹಾಕದೆ, ನಾಲ್ಕೂ ಪದರ ಕಾಣುವಂತೆ ವಾರ್ನಿಷ್ ಬಳಿದು ಬಿಟ್ಟಿದ್ದೇನೆ. ಹೆಂಡತಿ ಬಂದಾಗ ತೋರಿಸಲು ಬೆಳ್ಳಿಬಣ್ಣದ ಸಾಕ್ಷಿಯೂ ಬೇಕಲ್ಲ.

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಇಂಥದೊಂದು ಇದ್ದರೆ, ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಬಣ್ಣ ಬಳಿಯುವುದಾದರೆ ಮಳೆಗಾಲ ಕಳೆಯಲಿ, ಬಳಿಯುವ ಮೊದಲು ಟ್ಯಾಂಕಿನ ಪಟ್ಟಿ ಬಿಚ್ಚಿ ನೋಡಿ. ಮತ್ತೆ, ಭಾವಮೈದ ತಂದ ಬಾಟಲಿಯ ಮೇಲಿನ ಚೀಟಿಯನ್ನು ಓದದೆ ಊಟಕ್ಕೆ ಏಳಬೇಡಿ.