ತಾಸಗಾಂವಕ್ಕೆ ಹೊರಟ ಮಣೂಕದ (ಒಣದ್ರಾಕ್ಷಿಯ) ಜೊತೆ ಮಾತುಕತೆ

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾದ ಶೆಡ್ಡಿನಿಂದ ಬಾಕ್ಸು ಹತ್ತಿದ್ದೀರಿ. ವಿದೇಶ ಪ್ರಯಾಣವೆ?

ಮಣೂಕ: ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲಾದ ತಾಸಗಾಂವಕ್ಕ ಹೊಂಟೀನ್ರಿ. ಪಾಸ್‌ಪೋರ್ಟ್ ಬೇಕಿಲ್ಲ, ಆದ್ರ ಊರು ಬಿಡೂದು ಊರು ಬಿಡೂದ. ಏತ ನೀರಾವರಿಯಿಂದ ಕೃಷ್ಣೆ ಬಬಲೇಶ್ವರದ ತನಕ ಏರಿ ಬಂದಳು, ರೈತರು ಸಾಲ ಮಾಡಿ ದ್ರಾಕ್ಷಿ ಪಡಾ ಬೆಳೆಸಿದ್ರು. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದ್ರ ನಾ ಒಂದು ಕಿಲೋ. ಬಳ್ಳಿ ಚಾಟನಿ ಮಾಡೂದು, ಔಷಧದ ನೀರಾಗ ಅದ್ದೂದು, ನೆರಳಾಗ ಎರಡು ವಾರ ಹರವೂದು, ಈ ಬೆವರಿನ ಕೆಲಸೆಲ್ಲಾ ಇಲ್ಲೇ. ಕೋಲ್ಡ್ ಸ್ಟೋರೇಜು, ಹರಾಜು, ದಲಾಲಿ, ಲೆಕ್ಕ, ಹೀಂಗ ಕುರ್ಚಿ ಮ್ಯಾಲೆ ಕೂತು ಮಾಡೂ ಕೆಲಸ ಬಹುಪಾಲು ಅಲ್ಲಿ. ಅಲ್ಲಿಳಿದ ಮ್ಯಾಲೆ ನಾನೂ ಸಾಂಗ್ಲಿ ಮಾಲ!

ಪ್ರಶ್ನೆ: ಕೆಲಸ ಹೀಗೆ ಊರಾಚೆ ಹೋಗುವುದನ್ನು ಅಮೆರಿಕದ ಹೊರಗುತ್ತಿಗೆಗೆ ಹೋಲಿಸಬಹುದು. ಆದರೆ ಆ ಹೋಲಿಕೆ ಅತಿಯಾಗಲಿಲ್ಲವೆ?

ಮಣೂಕ: ಅಲ್ಲಿ ಕಂಪನಿ ಮಾಲೀಕರದ್ದೇನೂ ಹೋಗಲಿಲ್ರಿ. ಲೆಕ್ಕ ಬರಿಯಾವ, ಫೋನ್ ಎತ್ತಾವ, ಕೋಡ್ ಬರಿಯಾವ ಮನಿಗೆ ಹೋದ. ಅವನಿಗೆ ಅಗ್ಗದ ಸಾಮಾನು ಸಿಕ್ತು, ಕೊಳ್ಳೂ ಸಂಬಳ ಇಲ್ಲ. ಆ ಕೆಲಸ ನಮ್ಮ ರಾಜ್ಯಕ್ಕ ಬಂತಲ್ಲ ಅಂತೀರಿ. 1985ರಾಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿಂದ ಅಲ್ಲಿ ಹೊಸ ಮಧ್ಯಮ ವರ್ಗನ ಹುಟ್ಟಿತು, ಖರೆ. ಆದ್ರ ವಿಜಯಪುರದಾಗ 1980ರಿಂದ ಎಂಜಿನಿಯರಿಂಗ್ ಕಾಲೇಜೈತಿ. ಕಲಿತಾವ್ರು ಹಿಡಿದದ್ದು ಬೆಂಗಳೂರು, ಪುಣೆ ಬಸ್ಸು. ಮಕ್ಕಳು ಕಳಿಸಿದ ರೊಕ್ಕ ಪ್ಲಾಟಿನ ರೇಟು ಏರಿಸಿತು, ಊರಾಗ ನೌಕರಿ ಹುಟ್ಟಿಸಲಿಲ್ಲ. ಹಣ್ಣಿಗೂ ಹುಡುಗರಿಗೂ ದಾರಿ ಒಂದ. (ಒಣಗಿದ ಮೇಲೂ ಇಷ್ಟು ಹುಳಿಯೆ ಎನಿಸಿತು. ಆದರೆ ಲೆಕ್ಕ ತಪ್ಪಿಲ್ಲ.)

ಪ್ರಶ್ನೆ: ರೈತ ಹೆಚ್ಚು ಬೆಲೆ ಸಿಗುವಲ್ಲಿಗೆ ಹೋಗಬಾರದೆ? ವಿಜಯಪುರದ ಎಪಿಎಂಸಿಯಲ್ಲೂ ಮಾರಾಟವಿದೆಯಲ್ಲ?

ಮಣೂಕ: ಹೋಗಬೇಕ್ರಿ, ಅದು ಅವನ ಹಕ್ಕು. ಗಡಿಯಾಗ ಗೇಟ್ ಹಾಕಿದ್ರ ಮೊದಲು ಸಾಯಾವ ಅವನ. ಕೊಳ್ಳಾವ್ರು ಇರೂ ಕಡೆ ಮಾಲ ಹೋಗ್ತೈತಿ, ಮಾಲ ಬರೂ ಕಡೆ ಕೊಳ್ಳಾವ್ರು ಕೂಡ್ತಾರ. ಬರೇ ಹರಾಜಿನ ಕಟ್ಟಿ ಕಟ್ಟಿದ್ರ ಈ ಗಾಣ ತಿರುಗೂದು ನಿಲ್ಲೂದಿಲ್ಲ. ಕಿಲೋಕ್ಕ ಎರಡು ರೂಪಾಯಿ ಹೆಚ್ಚು ಸಿಕ್ರ ರೈತನಿಗೆ ಲಾಭ, ಆದ್ರ ದಾಸ್ತಾನಿನ ಬಾಡಿಗಿ, ಗುಮಾಸ್ತನ ಪಗಾರ, ಪ್ಯಾಕಿಂಗ್ ಹೆಣ್ಣಮಕ್ಕಳ ಕೂಲಿ ಅಲ್ಲೇ ಉಳೀತಾವ. ಹತ್ತಿರದಾಗ ಕೋಲ್ಡ್ ಸ್ಟೋರೇಜಿದ್ದು, ಇಟ್ಟ ಮಾಲಿನ ರಸೀದಿ ಮ್ಯಾಲೆ ಬ್ಯಾಂಕು ಸಾಲ ಕೊಟ್ರ ರೈತ ಬೆಲೆ ಬರೂತನ ಕಾಯ್ತಾನ. ಮಾಲ ನಿಂತ ಕಡೆ ವ್ಯಾಪಾರಿ ಬರ್ತಾನ, ಅವನ ಬೆನ್ನಿಗೆ ಗುಮಾಸ್ತ, ಡ್ರೈವರ್, ಆಡಿಟರ್.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಮಣೂಕ: ಮುಂದಿನ ಸಲ ಓಟು ಕೇಳಾಕ ಬಂದಾವ್ರಿಗೆ ಒಂದ ಮಾತು ಕೇಳ್ರಿ: ತಿಕೋಟಾ, ಬಬಲೇಶ್ವರದಾಗ ಎಷ್ಟು ಟನ್ ಮಣೂಕ ಇಡೂ ಜಾಗ ಮಾಡಿಸ್ತೀರಿ, ಎಂದಿಗೆ?